ಪಿ.ಬಿ. ರಸ್ತೆ: ಎರಡು ಊರು, ನಡುವಿನ ಹಳ್ಳಿಗಳು

ಹುಬ್ಬಳ್ಳಿಯ ಕಿತ್ತೂರು ಚನ್ನಮ್ಮ ವೃತ್ತದಿಂದ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ಸುಮಾರು 20 ಕಿಲೋಮೀಟರು ದಾರಿ. ಸರಕಾರಿ ಕಾಗದಗಳಲ್ಲಿ ಈ ರಸ್ತೆಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರು ಬಂದಿವೆ, ಸಂಖ್ಯೆ ಬದಲಾಗಿವೆ. ಜನರ ಬಾಯಲ್ಲಿ ಅದು ಎಂದಿನಿಂದಲೂ ಪಿ.ಬಿ. ರೋಡು, ಪುಣೆ–ಬೆಂಗಳೂರು ರಸ್ತೆ. ಅಂಗಡಿಯ ಫಲಕ, ಕಲ್ಯಾಣ ಮಂಟಪದ ವಿಳಾಸ, ದವಾಖಾನೆಯ ಚೀಟಿ, ಎಲ್ಲದರ ಮೇಲೂ ಅದೇ ಹೆಸರು. ಪುಣೆಗೆ ಹೊರಟ ಲಾರಿ ಈಗ ಈ ದಾರಿ ಹಿಡಿಯುವುದಿಲ್ಲ. ಬೆಂಗಳೂರಿನ ಕಡೆಯಿಂದ ಬಂದ ಲಾರಿಯೂ ಗಬ್ಬೂರಿನಲ್ಲೇ ಬೈಪಾಸಿಗೆ ಹೊರಳಿಬಿಡುತ್ತದೆ. ಹೆಸರು ಮಾತ್ರ ಉಳಿದುಕೊಂಡಿದೆ.

ಅವಳಿ ನಗರದ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ತುದಿಗಳಿಂದ ಹೇಳುವುದು ರೂಢಿ. ಹುಬ್ಬಳ್ಳಿಯ ವ್ಯಾಪಾರ, ಅರಳೆ, ರೈಲ್ವೆ, ಸಿದ್ಧಾರೂಢರ ಮಠ ಒಂದು ಕಡೆ. ಧಾರವಾಡದ ಕಚೇರಿ, ಶಾಲೆ ಕಾಲೇಜು, ಸಂಗೀತ, ಸಾಹಿತ್ಯ ಇನ್ನೊಂದು ಕಡೆ. ಎರಡೂ ನಿಜ, ಎರಡರ ಬಗ್ಗೆಯೂ ಬೇಕಾದಷ್ಟು ಬರೆದದ್ದಿದೆ. ಆದರೆ ಈ ಎರಡು ಊರು ಒಂದು ನಗರ ಎನ್ನಿಸಿಕೊಂಡದ್ದು ನಡುವಿನ ಇಪ್ಪತ್ತು ಕಿಲೋಮೀಟರಿನಿಂದ. ಅಲ್ಲಿ ಉಣಕಲ್, ಭೈರಿದೇವರಕೊಪ್ಪ, ಅಮರಗೋಳ, ರಾಯಾಪುರ, ಸತ್ತೂರು, ನವಲೂರು, ಲಕಮನಹಳ್ಳಿ ಎಂಬ ಊರುಗಳಿವೆ. ಕಾಲೇಜಿಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ, ಕಾರ್ಖಾನೆಗೆ, ಕೊನೆಗೆ ರಸ್ತೆಯ ಅಗಲಕ್ಕೂ ಭೂಮಿ ಹೋದದ್ದು ಈ ಊರುಗಳದ್ದು. ಆದ್ದರಿಂದ ಈ ಲೇಖನ ರಸ್ತೆಯ ಚರಿತ್ರೆಯನ್ನು ನಡುವಿನಿಂದ ನೋಡುತ್ತದೆ.

ಮೊದಲು ನೆಲದ ಮಾತು. ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ. ಹುಬ್ಬಳ್ಳಿಯ ಪೂರ್ವಕ್ಕೆ ಕಣ್ಣು ಹಾಯಿಸಿದಷ್ಟೂ ಎರೆಭೂಮಿ. ಬೇಸಿಗೆಯಲ್ಲಿ ಬಾಯಿಬಿಟ್ಟು, ಮಳೆಗಾಲದಲ್ಲಿ ಉಬ್ಬಿ, ಮೇಲೆ ಏನು ಕಟ್ಟಿದರೂ ಅಲುಗಾಡಿಸುವ ಮಣ್ಣು ಅದು. ಧಾರವಾಡದ ಕಡೆ ಸರಿದಂತೆ ಮಣ್ಣು ಕೆಂಪಾಗುತ್ತದೆ, ಮಾವು ಪೇರಲದ ತೋಟಗಳು ಕಾಣುತ್ತವೆ, ಮಳೆಯ ಗಾಳಿ ತಂಪಾಗುತ್ತದೆ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವುದು ಈ ಇಪ್ಪತ್ತು ಕಿಲೋಮೀಟರಿನೊಳಗೇ. ಧಾರವಾಡದ ಉಳವಿ ಚನ್ನಬಸವೇಶ್ವರ ಗುಡಿಯ ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ ಎಂದು ಊರವರು ಹೇಳುತ್ತಾರೆ. ಧಾರವಾಡ ಇರುವುದೇ ಜಲವಿಭಜಕದ ದಿಬ್ಬದ ಮೇಲೆ. ಈ ಕಡೆ ಹುಟ್ಟಿದ ಶಾಲ್ಮಲೆ ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಪಶ್ಚಿಮಕ್ಕೆ ಇಳಿಯುತ್ತದೆ. ಆ ಕಡೆಯ ಹಳ್ಳಗಳು ಮಲಪ್ರಭೆಯ ಮೂಲಕ ಕೃಷ್ಣೆಗೆ ಸೇರುತ್ತವೆ. ನೀರು ಎತ್ತ ಹರಿಯುತ್ತದೆ ಎಂಬ ಈ ವಿಚಾರ ರಸ್ತೆಗೆ ಅಲಂಕಾರದ ಮಾತಲ್ಲ. ಧಾರವಾಡದ ಟೋಲ್‌ನಾಕಾದ ಕಥೆಗೆ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಪೇಶ್ವೆಯ ರಾಜ್ಯ 1818ರಲ್ಲಿ ಮುಗಿದಾಗ ಈ ಸೀಮೆ ಇಂಗ್ಲಿಷರ ಕೈಗೆ ಬಂತು. ಧಾರವಾಡ ಕಲೆಕ್ಟರನ ಊರಾಯಿತು. ಪುಣೆಯ ದಂಡು ಒಂದು ಕಡೆ, ಬೆಂಗಳೂರಿನ ದಂಡು ಇನ್ನೊಂದು ಕಡೆ. ನಡುವೆ ಬೆಳಗಾವಿಯಲ್ಲೂ ದಂಡು ನೆಲೆನಿಂತಿತು. ಇವನ್ನು ಜೋಡಿಸುವ ದಾರಿ ಸರಕಾರಕ್ಕೆ ಬೇಕೇಬೇಕಾಗಿತ್ತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ 1824ರಲ್ಲಿ ಕಿತ್ತೂರಿನ ಮೇಲೆ ಏರಿಹೋದದ್ದು ಈ ಉತ್ತರದ ದಿಕ್ಕಿನಲ್ಲೇ. ಅಕ್ಟೋಬರ್ 23ರಂದು ಅವನು ಕಿತ್ತೂರ ಕೋಟೆಯ ಮುಂದೆ ಬಿದ್ದ. ಕಿತ್ತೂರು ಇಂದಿಗೂ ಇದೇ ಪುಣೆ–ಬೆಂಗಳೂರು ದಾರಿಯ ಬದಿಯ ಊರು. ಕಿತ್ತೂರಿನ ರಾಣಿ ಚನ್ನಮ್ಮ ಕುದುರೆ ಏರಿ ಕತ್ತಿ ಹಿಡಿದು ನಿಂತ ಮೂರ್ತಿ ಹುಬ್ಬಳ್ಳಿಯಲ್ಲಿ ರಸ್ತೆಯ ತುದಿಗಿದೆ. ಅಲ್ಲಿಂದಲೇ ಅಳತೆ ಶುರುಮಾಡುವುದು ಸರಿಯೆಂದು ನನಗೆ ಅನಿಸುತ್ತದೆ. ದಂಡಿಗಾಗಿ ಬೆಳೆದ ದಾರಿಗೆ ದಂಡನ್ನು ಎದುರಿಸಿದವಳ ಹೆಸರಿನ ವೃತ್ತವೇ ಮೊದಲಾಗಲಿ.

ಆದರೆ ಆ ಕಾಲದಲ್ಲಿ ಹಣ ಹರಿಯುತ್ತಿದ್ದದ್ದು ಪಿ.ಬಿ. ರಸ್ತೆಯ ಮೇಲಲ್ಲ. ಹುಬ್ಬಳ್ಳಿ, ಧಾರವಾಡ, ಗದಗ ಸುತ್ತಿನ ಹತ್ತಿ ಎತ್ತಿನ ಗಾಡಿಗಳಲ್ಲಿ ಪಶ್ಚಿಮಕ್ಕೆ ಹೋಗುತ್ತಿತ್ತು. ಘಟ್ಟ ಇಳಿದು ಕುಮಟಾ ಬಂದರು ಮುಟ್ಟಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಈ ಸೀಮೆಯ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು ಬಿದ್ದಿತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಆಗ ಗಾಡಿಗಳ ಸಾಲು ಘಟ್ಟದ ಕಡೆ ಮುಖಮಾಡಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವವನು ಹೆಚ್ಚಾಗಿ ಕೋರ್ಟು ಕಚೇರಿಯ ಕೆಲಸದವನು. ಅಂದರೆ ಈ ರಸ್ತೆಗೆ ಮೊದಲ ಕಳೆ ಬಂದದ್ದು ಸರಕಿನಿಂದಲ್ಲ, ವ್ಯಾಜ್ಯದಿಂದ, ಅರ್ಜಿಯಿಂದ, ತೆರಿಗೆಯ ಕೆಲಸದಿಂದ. ಆ ಗುಣ ಇಂದಿಗೂ ಪೂರಾ ಹೋಗಿಲ್ಲ.

ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿದ ಮೇಲೆ ಚಿತ್ರ ಬದಲಾಯಿತು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿ ತೆರೆಯಿತು, ಕಾರ್ಖಾನೆ ಹುಬ್ಬಳ್ಳಿಗೆ ಬಂತು. ಲೆಕ್ಕದ ಪುಸ್ತಕ ಒಂದೂರಲ್ಲಿ, ಕಬ್ಬಿಣದ ಕೆಲಸ ಇನ್ನೊಂದೂರಲ್ಲಿ. ಎರಡೂ ಊರುಗಳ ಸ್ವಭಾವದ ಬಗ್ಗೆ ನಾವು ಇಂದು ಆಡುವ ಮಾತುಗಳಿಗೆ ಈ ಹಂಚಿಕೆಯಲ್ಲೇ ಬೇರು ಇದೆ. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿತು. ಧಾರವಾಡದ ಆ ಕಚೇರಿಯ ಭವ್ಯ ಕಟ್ಟಡದಲ್ಲಿ ಮುಂದೆ ಕರ್ನಾಟಕ ಕಾಲೇಜು ನೆಲೆಯೂರಿತು. 1917ರಲ್ಲಿ ಶುರುವಾದ ಆ ಕಾಲೇಜಿನ ಹೆಸರು ಕೇಳಿದರೆ ಧಾರವಾಡದವರ ದನಿಯಲ್ಲಿ ಇಂದಿಗೂ ಒಂದು ಗತ್ತು ಬರುತ್ತದೆ. ಹುಬ್ಬಳ್ಳಿಯ ಕಾರ್ಖಾನೆ ಮಾತ್ರ ಕಾರ್ಖಾನೆಯಾಗಿಯೇ ಬೆಳೆಯಿತು. ಊರಿನ ಒಂದು ತಲೆಮಾರಿಗಲ್ಲ, ಹಲವು ತಲೆಮಾರಿಗೆ ಅನ್ನ ಕೊಟ್ಟಿತು.

ಹಳಿ ರಸ್ತೆಯ ಜೊತೆಜೊತೆಯಲ್ಲೇ ಓಡಿತು. ನಡುವೆ ಉಣಕಲ್, ಅಮರಗೋಳ, ನವಲೂರು ಎಂದು ಮೂರು ನಿಲ್ದಾಣ. ನಡುವಿನ ಹಳ್ಳಿಗಳ ಹೆಸರು ಈ ಊರುಗಳಾಚೆಯ ಜನರ ಕಣ್ಣಿಗೂ ಬೀಳತೊಡಗಿದ್ದು ಹಳದಿ ಹಲಗೆಯ ಮೇಲಿನ ಕಪ್ಪು ಅಕ್ಷರಗಳಿಂದ. ಹತ್ತಿ ಈಗ ಘಟ್ಟ ಇಳಿಯಲು ಗಾಡಿ ಕಾಯಬೇಕಾಗಿರಲಿಲ್ಲ. ರೈಲು ಮುರಗಾವ ಬಂದರಿಗೆ ದಾರಿ ತೆರೆಯಿತು, ಕುಮಟಾದ ವೈಭವ ಇಳಿಯಿತು. ಪಿ.ಬಿ. ರಸ್ತೆ ಅರ್ಧ ಶತಮಾನ ರೈಲಿನ ನೆರಳಲ್ಲಿ ಚಕ್ಕಡಿಗಳ, ಟಾಂಗಾಗಳ ದಾರಿಯಾಗಿ ಉಳಿಯಿತು.

ಇಲ್ಲಿ ಉಣಕಲ್ಲಿನಲ್ಲಿ ಸ್ವಲ್ಪ ನಿಲ್ಲಬೇಕು. ರಸ್ತೆಯಲ್ಲಿ ಹೋಗುವವರಿಗೆ ಉಣಕಲ್ ಎಂದರೆ ಕೆರೆ. ಎಡಬಿಡದೆ ವಾಹನ ಓಡುವ ರಸ್ತೆಯ ಬದಿಗೇ ಅಷ್ಟು ದೊಡ್ಡ ನೀರು, ನಡುವೆ ವಿವೇಕಾನಂದರ ಮೂರ್ತಿ, ದಂಡೆಯ ಮೇಲೆ ಸಂಜೆಯ ಜನ. ಹುಬ್ಬಳ್ಳಿಗೆ ನೀರಸಾಗರದ ನೀರು, ಆಮೇಲೆ ಮಲಪ್ರಭೆಯ ನೀರು ಬರುವ ಮೊದಲು ಊರು ಕುಡಿದದ್ದು ಈ ಕೆರೆಯ ನೀರನ್ನು. ಕೆರೆಯಿಂದ ಊರೊಳಗೆ ಹೋದರೆ, ಮನೆಗಳ ನಡುವೆ, ದನದ ಕೊಟ್ಟಿಗೆ ಮತ್ತು ನಲ್ಲಿಯ ಕಟ್ಟೆಗಳಿಗೆ ಹತ್ತಿಕೊಂಡು, ಚಂದ್ರಮೌಳೇಶ್ವರ ಗುಡಿ ಇದೆ. ಚಾಲುಕ್ಯರ ಕಾಲದ್ದು, ಒಂಬತ್ತು ನೂರು ವರ್ಷದ ಹಿಂದಿನದು. ನಾಲ್ಕು ದಿಕ್ಕಿಗೂ ಬಾಗಿಲಿರುವ ಗುಡಿ. ಒಳಗೆ ನಾಲ್ಕು ಮುಖದ ಲಿಂಗವೂ ಇದೆ. ಕರಿಕಲ್ಲಿನ ಕಂಬಗಳನ್ನು ಕೈಯಿಂದ ಮುಟ್ಟಿದರೆ ಗಾಜಿನ ಹಾಗೆ ನುಣ್ಣಗೆ. ಬಾಗಿಲವಾಡದ ಜಾಲಂಧ್ರಗಳಲ್ಲಿ ಬೆಳಕು ಸೋಸಿ ಬರುತ್ತದೆ. ಅಷ್ಟು ಹಳೆಯ, ಅಷ್ಟು ನಾಜೂಕಿನ ಕಟ್ಟಡ ಮುಖ್ಯರಸ್ತೆಯಿಂದ ನಡೆದುಹೋಗುವಷ್ಟು ದೂರದಲ್ಲಿದ್ದೂ, ದಿನಾ ಈ ದಾರಿಯಲ್ಲಿ ಓಡಾಡುವವರಲ್ಲಿ ಬಹಳ ಜನ ಅದನ್ನು ನೋಡಿಲ್ಲ. ಅಮರಗೋಳದಲ್ಲಿಯೂ ಹಳೆಯ ಗುಡಿಗಳಿವೆ. ಅವುಗಳ ಪಾಡೂ ಅದೇ. ಪಿ.ಬಿ. ರಸ್ತೆ ಹುಟ್ಟುವುದಕ್ಕೆ ಏಳು ಶತಮಾನ ಮೊದಲೇ ಈ ಊರುಗಳಲ್ಲಿ ಇಂಥ ಕಲ್ಲಿನ ಕೆಲಸ ಮಾಡಿಸುವ ಶಕ್ತಿ, ರುಚಿ ಎರಡೂ ಇದ್ದವು. ಯಾವುದೋ ಎರಡು ದೊಡ್ಡ ಊರುಗಳ ನಡುವಿನ ಖಾಲಿ ಜಾಗ ಅವು ಎಂದೂ ಆಗಿರಲಿಲ್ಲ.

ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಪುರಸಭೆ ಬಂತು. ನೂರು ವರ್ಷ ಎರಡೂ ತಂತಮ್ಮ ದೀಪ, ತಂತಮ್ಮ ಗಟಾರ ನೋಡಿಕೊಂಡವು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಕನ್ನಡದ ರಾಜ್ಯಕ್ಕೆ ಸೇರಿತು. ಏಕೀಕರಣದ ಕನಸನ್ನು ಜೀವಮಾನವಿಡೀ ಕಟ್ಟಿದ ಆಲೂರು ವೆಂಕಟರಾಯರು ಅದನ್ನು ಕಣ್ಣಾರೆ ಕಂಡರು. ಜುಬಿಲಿ ಸರ್ಕಲ್ಲಿಗೆ ಈಗ ಅವರ ಹೆಸರಿದೆ. ಹೀಗೆ ರಸ್ತೆಯ ಒಂದು ತುದಿಗೆ ಚನ್ನಮ್ಮ, ಇನ್ನೊಂದು ತುದಿಗೆ ಆಲೂರರು.

ರಾಜ್ಯ ಒಂದಾದ ಆರು ವರ್ಷಕ್ಕೆ, 1962ರಲ್ಲಿ, ಎರಡು ಊರುಗಳನ್ನೂ ನಡುವಿನ ಹಳ್ಳಿಗಳನ್ನೂ ಕೂಡಿಸಿ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆ ರಚನೆಯಾಯಿತು. ಈ ಘಟನೆಯ ವಿಶೇಷವನ್ನು ನಾವು ಸಾಕಷ್ಟು ಗಮನಿಸಿಲ್ಲ. ನಗರಗಳು ಸಾಮಾನ್ಯವಾಗಿ ಮೊದಲು ಬೆಳೆದು ಒಂದಕ್ಕೊಂದು ತಾಗುತ್ತವೆ, ಆಮೇಲೆ ಪಾಲಿಕೆ ಒಂದಾಗುತ್ತದೆ. ಇಲ್ಲಿ ನಡುವೆ ಜೋಳ, ಹತ್ತಿ, ಪೇರಲದ ತೋಟ ಇದ್ದಾಗಲೇ ಪಾಲಿಕೆ ಒಂದಾಯಿತು. ಎರಡು ಊರನ್ನು ಕೂಡಿಸುವುದಕ್ಕೆ ಆಗ ಇದ್ದದ್ದು ಈ ರಸ್ತೆ ಮತ್ತು ಅದರ ಪಕ್ಕದ ಹಳಿ ಮಾತ್ರ. ಕಾಗದದ ಮೇಲೆ ಒಂದಾದ ನಗರವನ್ನು ನೆಲದ ಮೇಲೆ ಒಂದು ಮಾಡುವ ಹೊಣೆ ರಸ್ತೆಯ ಮೇಲೆ ಬಿತ್ತು.

ಆ ಹೊಣೆಯ ಭಾರ ಹೊತ್ತವರು ನಡುವಿನವರು. ಹೊಲದ ಒಡೆಯ ನಗರದ ಮತದಾರನಾದ. ಊರ ಪಂಚರು ಕೂತು ಮುಗಿಸುತ್ತಿದ್ದ ಕೆಲಸಕ್ಕೆ ಪಾಲಿಕೆಯ ಕಚೇರಿಗೆ ಅರ್ಜಿ ಬರೆಯಬೇಕಾಯಿತು. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದ್ದುದರಿಂದ ಧಾರವಾಡದವರಿಗೆ ಅಸಮಾಧಾನ ಮೊದಲಿನಿಂದಲೂ ಇತ್ತು. "ಎಲ್ಲಾ ಹುಬ್ಬಳ್ಳಿಗೇ ಹೋಕ್ಕದ್ರಿ" ಎಂಬ ಮಾತು ಧಾರವಾಡದ ಚಹಾದಂಗಡಿಯಲ್ಲಿ ಎಷ್ಟು ದಶಕದಿಂದ ಕೇಳುತ್ತ ಬಂದಿದೆಯೋ. ಆ ದೂರಿನಲ್ಲಿ ನ್ಯಾಯವಿದೆ. ಆದರೆ ಹುಬ್ಬಳ್ಳಿಗೂ ಧಾರವಾಡಕ್ಕೂ ದನಿ ಎತ್ತುವವರಿದ್ದರು. ಸತ್ತೂರಿನ, ಅಮರಗೋಳದ ದೂರು ಎರಡೂ ಕಡೆಯವರ ಜಗಳದ ಸದ್ದಿನಲ್ಲಿ ಕೇಳಿಸದೆ ಹೋಯಿತು.

ನಡುವಿನ ಜಾಗ ತುಂಬತೊಡಗಿದ್ದು ಮೊದಲು ಹುಬ್ಬಳ್ಳಿಯ ಕಡೆಯಿಂದ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು, ಜನ ಹೇಳುವ ಬಿವಿಬಿ, 1947ರಲ್ಲಿ ಶುರುವಾಯಿತು. ಕರ್ನಾಟಕ ಮೆಡಿಕಲ್ ಕಾಲೇಜು 1957ರಲ್ಲಿ ಬಂತು. ಸುತ್ತಲ ಬಡಾವಣೆಗೆ ವಿದ್ಯಾನಗರ ಎಂಬ ಹೆಸರು ಒಪ್ಪುವಂತಾಯಿತು. ಕೆಎಂಸಿ ಎಂದು ಹಳಬರು, ಕಿಮ್ಸ್ ಎಂದು ಆಮೇಲಿನವರು ಕರೆಯುವ ಆ ಆಸ್ಪತ್ರೆಗೆ ಉತ್ತರ ಕರ್ನಾಟಕದ ಎಷ್ಟೋ ಜಿಲ್ಲೆಗಳ ಬಡವರು ಬರುತ್ತಾರೆ. ಗದಗ, ಕೊಪ್ಪಳ, ಬಾಗಲಕೋಟೆ, ಹಾವೇರಿ, ಕಾರವಾರದ ಕಡೆಯಿಂದ ರಾತ್ರಿ ಹೊತ್ತಿನಲ್ಲಿ ಬಂದಿಳಿಯುವ ಮನೆಯವರು ಗೇಟಿನ ಹೊರಗಿನ ಔಷಧದಂಗಡಿ ಮುಂದೆ ಚಾದರ ಹಾಸಿಕೊಂಡು ಕೂತಿರುತ್ತಾರೆ. ಪಿ.ಬಿ. ರಸ್ತೆಯನ್ನು ಬರೀ ಎರಡೂರಿನ ರಸ್ತೆ ಎಂದು ಕರೆಯುವುದು ಇಂಥ ಜನರಿಗೆ ಅನ್ಯಾಯ.

ಧಾರವಾಡದ ಕಡೆಯಿಂದ ಲಕಮನಹಳ್ಳಿಯ ಕೈಗಾರಿಕಾ ವಸಾಹತು, ಹಾಲಿನ ಡೈರಿ, ವಿದ್ಯಾಗಿರಿಯ ಕಾಲೇಜುಗಳು ಬಂದವು. ಸತ್ತೂರಿನಲ್ಲಿ ಧರ್ಮಸ್ಥಳದ ಎಸ್‌ಡಿಎಂ ಸಂಸ್ಥೆಯ ದಂತ ವೈದ್ಯಕೀಯ ಕಾಲೇಜು 1986ರಲ್ಲಿ, ವೈದ್ಯಕೀಯ ಕಾಲೇಜು 2003ರಲ್ಲಿ ಶುರುವಾದವು. ಅಮರಗೋಳದ ಹೊಲಗಳಲ್ಲಿ ಎಪಿಎಂಸಿ ಪ್ರಾಂಗಣ ಎದ್ದಿತು. ಪಕ್ಕದಲ್ಲಿ ನವನಗರ ಬಂತು, ಕ್ಯಾನ್ಸರ್ ಆಸ್ಪತ್ರೆ ಬಂತು. 2009ರಲ್ಲಿ ರಾಜ್ಯದ ಕಾನೂನು ವಿಶ್ವವಿದ್ಯಾಲಯವೂ ನವನಗರಕ್ಕೇ ಬಂತು. ಗಂಗೂಬಾಯಿ ಹಾನಗಲ್ಲರ ಹೆಸರಿನ ಗುರುಕುಲ ಉಣಕಲ್ಲಿನಲ್ಲಿ ನಿಂತಿತು. ಒಂದೊಂದಾಗಿ ನೋಡಿದರೆ ಇವು ಸಂಸ್ಥೆಗಳ ಪಟ್ಟಿ. ಸಾಲಾಗಿ ರಸ್ತೆಯ ಬದಿಗಿಟ್ಟು ನೋಡಿದರೆ ಬೇರೆಯೇ ಕಾಣುತ್ತದೆ: ಎರಡು ಹಳೆಯ ಊರುಗಳಲ್ಲಿ ಹಿಡಿಸದೆ ಹೋದದ್ದೆಲ್ಲ, ವಿಶಾಲ ಜಾಗ ಬೇಕಾದದ್ದೆಲ್ಲ, ನಡುವಿಗೆ ಬಂದು ಕೂತಿತು. 2011ರ ಜನಗಣತಿಯ ಹೊತ್ತಿಗೆ ಪಾಲಿಕೆಯ ಜನಸಂಖ್ಯೆ 9.4 ಲಕ್ಷ ದಾಟಿತ್ತು. ಹಳೆಯ ಪೇಟೆಗಳಲ್ಲಿ ಅಷ್ಟು ಜನ ಹಿಡಿಸುವುದು ಸಾಧ್ಯವೇ ಇರಲಿಲ್ಲ.

ಇವುಗಳಲ್ಲಿ ಮೊದಮೊದಲಿನವು ಬರುತ್ತಿದ್ದಾಗ ರಸ್ತೆ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. ಮುಂಬಯಿ, ಪುಣೆಯಿಂದ ಬೆಂಗಳೂರು, ಚೆನ್ನೈಗೆ ಹೋಗುವ ಪ್ರತಿ ಲಾರಿಯೂ ಬಿವಿಬಿ ಹುಡುಗರ, ಕೆಎಂಸಿ ರೋಗಿಗಳ, ಉಣಕಲ್ಲಿನ ಶಾಲೆ ಮಕ್ಕಳ ನಡುವೆಯೇ ಹಾದುಹೋಗುತ್ತಿತ್ತು. ಅಂಕೋಲಾ ಕಡೆಯಿಂದ, ಗದಗ–ಬಳ್ಳಾರಿ ಕಡೆಯಿಂದ, ವಿಜಯಪುರ–ಸೊಲ್ಲಾಪುರ ಕಡೆಯಿಂದ ಬರುವ ಹೆದ್ದಾರಿಗಳೂ ಹುಬ್ಬಳ್ಳಿಯಲ್ಲೇ ಕೂಡುತ್ತಿದ್ದವು. ರಸ್ತೆ ದಾಟುವುದು ನಡುವಿನ ಹಳ್ಳಿಗಳಲ್ಲಿ ಜೀವದ ಪ್ರಶ್ನೆಯಾಯಿತು. ಕೊನೆಗೆ ಗಬ್ಬೂರಿನಿಂದ ನರೇಂದ್ರದವರೆಗೆ, ಊರ ಹೊರಗಿನಿಂದ, ಸುಮಾರು 30 ಕಿಲೋಮೀಟರಿನ ಬೈಪಾಸ್ ಆಯಿತು. ಖಾಸಗಿ ಕಂಪನಿ ಕಟ್ಟಿ, ಸುಂಕ ವಸೂಲಿ ಮಾಡಿಕೊಂಡು, ಅವಧಿ ಮುಗಿದ ಮೇಲೆ ಸರಕಾರಕ್ಕೆ ಬಿಟ್ಟುಕೊಡುವ ಕರಾರಿನ ರಸ್ತೆ ಅದು. ಈ ಬಗೆಯ ಕರಾರು ಆಗ ನಮ್ಮ ಕಡೆ ಹೊಸದು.

ಬೈಪಾಸಿನಿಂದ ಹಳೆಯ ರಸ್ತೆಗೆ ಉಸಿರು ಬಂತು. ಆದರೆ ಬೈಪಾಸನ್ನು ಕಟ್ಟಿದ್ದು ಎರಡೇ ಪಥದಲ್ಲಿ. ಅತ್ತ ಬೆಳಗಾವಿಗೂ ಇತ್ತ ಹಾವೇರಿಗೂ ಹೆದ್ದಾರಿ ನಾಲ್ಕು ಪಥವಾದ ಮೇಲೂ ನಡುವಿನ ಈ ತುಂಡು ಎರಡೇ ಪಥದಲ್ಲಿ ಉಳಿಯಿತು. ಎದುರು ಬದುರು ವಾಹನಗಳು ಡಿಕ್ಕಿಯಾಗಿ ಎಷ್ಟು ಮನೆಗಳು ಕತ್ತಲಾದವು. 2021ರ ಜನವರಿಯಲ್ಲಿ ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಇಟಿಗಟ್ಟಿಯ ಬಳಿ ತೀರಿಕೊಂಡ ಸುದ್ದಿ ನಾಡನ್ನೇ ಅಲ್ಲಾಡಿಸಿತು. ರಸ್ತೆಯನ್ನು ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡದ್ದು ಅದಾದ ಮೇಲೆ. ಹಳೆಯ ಪಿ.ಬಿ. ರಸ್ತೆಯ ಮೇಲಿನ ಭಾರ ಇಳಿಸಿ ಹೊಸ ರಸ್ತೆಯ ಮೇಲೆ ಹೇರಿದೆವು, ಆ ಭಾರಕ್ಕೆ ತಕ್ಕ ಅಗಲ ಕೊಡಲಿಲ್ಲ. ಈ ಮಾತನ್ನು ಚರಿತ್ರೆಯಲ್ಲಿ ಬರೆದಿಡಲೇಬೇಕು.

ಲಾರಿಗಳು ಹೋದ ಮೇಲಿನ ಎರಡು ದಶಕ ಪಿ.ಬಿ. ರಸ್ತೆ ನಿಜಕ್ಕೂ ಊರಿನ ರಸ್ತೆಯಾಗಿತ್ತು. 1997ರಲ್ಲಿ ವಾಯವ್ಯ ಸಾರಿಗೆ ಸಂಸ್ಥೆ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇಟ್ಟು ಶುರುವಾಗಿತ್ತು. ಅದರ ಬಸ್ಸುಗಳ ಜೊತೆಗೆ ಬೇಂದ್ರೆ ನಗರ ಸಾರಿಗೆ ಎಂಬ ಖಾಸಗಿ ಬಸ್ಸುಗಳೂ ಬಂದವು. ಕವಿಯ ಹೆಸರನ್ನು ಮುಂದಿನ ಗಾಜಿನ ಮೇಲೆ ಬರೆದುಕೊಂಡು ಎರಡೂ ಊರಿನ ನಡುವೆ ಓಡಿದ ಆ ಬಸ್ಸುಗಳನ್ನು ಜನ ಬಹಳ ಪ್ರೀತಿಯಿಂದ ನೋಡಿದರು. "ಬೇಂದ್ರೆ ಬಂತು, ಹತ್ತು" ಎನ್ನುವ ಮಾತು ಧಾರವಾಡದಲ್ಲಲ್ಲದೆ ಮತ್ತೆಲ್ಲಿ ಕೇಳೀತು? ಹುಬ್ಬಳ್ಳಿಯ ನಗರ ಬಸ್ ನಿಲ್ದಾಣ ಸಿಬಿಟಿಯಿಂದ ಹೊರಟ ಬಸ್ಸಿನಲ್ಲಿ ಬೆಳಗಿನ ಹೊತ್ತು ಧಾರವಾಡದ ಕೋರ್ಟಿಗೆ, ಕಾಲೇಜಿಗೆ ಹೋಗುವ ಹುಬ್ಬಳ್ಳಿಯವರು. ಎದುರು ಬಸ್ಸಿನಲ್ಲಿ ಹುಬ್ಬಳ್ಳಿಯ ಅಂಗಡಿ, ಬ್ಯಾಂಕು, ರೈಲ್ವೆ ಕೆಲಸಕ್ಕೆ ಹೋಗುವ ಧಾರವಾಡದವರು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡದ ಆಚೆ ಬೇಲೂರಿಗೆ ಬಂದು, 2013ರಲ್ಲಿ ಕಾಯಂ ಆದ ಮೇಲೆ ಕರಿಕೋಟಿನವರ ಸಂಖ್ಯೆ ಇನ್ನೂ ಹೆಚ್ಚಿತು. ನಡುವಿನ ಊರುಗಳಿಗೆ ಟಂಟಂ ಆಟೊ ಇತ್ತು. ಕೈ ಅಡ್ಡ ಹಿಡಿದಲ್ಲಿ ನಿಲ್ಲುತ್ತಿತ್ತು. ಬುಟ್ಟಿಗೂ ಚೀಲಕ್ಕೂ ಜಾಗ ಕೊಡುತ್ತಿತ್ತು.

ನವಲೂರಿನ ಹೆಣ್ಣುಮಕ್ಕಳು ಪೇರಲದ ಬುಟ್ಟಿ ಇಟ್ಟುಕೊಂಡು ರಸ್ತೆಯ ಅಂಚಿಗೆ ಕೂರುತ್ತಿದ್ದದ್ದು ಆ ಕಾಲವನ್ನು ಕಂಡವರಿಗೆಲ್ಲ ನೆನಪಿರುತ್ತದೆ. ಎಲೆ ಸಮೇತ ಕಿತ್ತ ಹಣ್ಣು, ಮೇಲೆ ಒದ್ದೆ ಅರಿವೆ. ಕೊಳ್ಳುವವರು ಕೇಳುವ ಮೊದಲೇ ಒಂದು ಹಣ್ಣನ್ನು ಕುಡಗೋಲಿನಿಂದ ನಾಲ್ಕು ಹೋಳು ಮಾಡಿ, ಉಪ್ಪುಖಾರ ಸವರಿ, "ತಿಂದ ನೋಡ್ರಿ, ಆಮ್ಯಾಲೆ ತಗೋರಿ" ಎಂದು ಕೈಗಿಡುವರು. ನವಲೂರಿನ ಪೇರಲದ ಹೆಸರು ಹಬ್ಬಿದ್ದು ಹೀಗೆ, ರಸ್ತೆಯ ಅಂಚಿನಲ್ಲಿ ನಿಂತ ಗಿರಾಕಿಯ ನಾಲಿಗೆಯ ಮೇಲಿಂದ. ವಾಹನ ನಿಲ್ಲಿಸಲು ಅಂಚೇ ಇಲ್ಲದಂತೆ ರಸ್ತೆ ಕಟ್ಟಿದರೆ ಇಂಥ ವ್ಯಾಪಾರ ಉಳಿಯುವುದು ಹೇಗೆ ಎಂದು ಯೋಜನೆ ಮಾಡುವವರು ಕೇಳಿಕೊಳ್ಳಬೇಕಿತ್ತು.

ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸಾರಿಗೆ ಬಂದದ್ದು ಇಂಥ ರಸ್ತೆಗೆ. 2012ರಲ್ಲಿ ಇದಕ್ಕಾಗಿಯೇ ಒಂದು ಕಂಪನಿ ರಚನೆಯಾಯಿತು, ವಿಶ್ವಬ್ಯಾಂಕಿನ ನೆರವು ಸಿಕ್ಕಿತು. 22.25 ಕಿಲೋಮೀಟರಿನ ದಾರಿಯ ನಡುಭಾಗವನ್ನು ಬಸ್ಸಿಗೆಂದೇ ಮೀಸಲಿಟ್ಟು, ಎರಡೂ ಬದಿಗೆ ಉಳಿದ ವಾಹನಗಳಿಗೆ ಪಥ ಬಿಡಲಾಯಿತು. 2018ರ ಅಕ್ಟೋಬರಿನಲ್ಲಿ ಚಿಗರಿ ಎಂಬ ಹೆಸರಿನ ಹವಾನಿಯಂತ್ರಿತ ಬಸ್ಸುಗಳು ಪ್ರಾಯೋಗಿಕವಾಗಿ ಓಡಿದವು. 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆಯಾಯಿತು. ಬಸ್ಸಿನ ನೆಲ ಮತ್ತು ನಿಲ್ದಾಣದ ಕಟ್ಟೆ ಒಂದೇ ಮಟ್ಟ, ಬಾಗಿಲು ಬಲಗಡೆಗೆ, ಟಿಕೀಟು ಹತ್ತುವ ಮೊದಲೇ ಕೌಂಟರಿನಲ್ಲಿ ತೆಗೆದು ಗೇಟಿಗೆ ತೋರಿಸಿದರೆ ಒಳಗೆ ಬಿಡುತ್ತದೆ. ಬೆಂಗಳೂರಿನಲ್ಲಿ ಕೂಡ ಇಲ್ಲದ ವ್ಯವಸ್ಥೆ ನಮ್ಮಲ್ಲಿ ಬಂತು ಎಂಬ ಹೆಮ್ಮೆ ಎರಡೂ ಊರಿಗೆ ಆಯಿತು. ಅದು ಸುಳ್ಳು ಹೆಮ್ಮೆಯಲ್ಲ. ಮೊಣಕಾಲು ನೋವಿನ ಅಜ್ಜಿ ಯಾರ ಕೈಯೂ ಹಿಡಿಯದೆ ಬಸ್ಸು ಹತ್ತುವುದನ್ನು, ರಾತ್ರಿ ಪಾಳಿ ಮುಗಿಸಿದ ದಾದಿಯರು ನಿಶ್ಚಿಂತೆಯಿಂದ ಕೂತು ಹೋಗುವುದನ್ನು ಕಂಡವರು ಈ ಬಸ್ಸುಗಳ ಬಗ್ಗೆ ಹಗುರವಾಗಿ ಮಾತಾಡಲಾರರು.

ಕೊಟ್ಟ ಬೆಲೆಯೂ ಸಣ್ಣದಲ್ಲ. ದಾರಿಯುದ್ದಕ್ಕೂ ನೆರಳು ಹಿಡಿದಿದ್ದ ದೊಡ್ಡ ಮರಗಳು ಹೋದವು. ಬೇವು, ಹುಣಸೆ, ಆಲದ ಕೆಳಗೆ ಬಸ್ಸು ಕಾಯುವುದು ಮುಗಿಯಿತು. ಅಂಗಡಿ, ಮನೆ, ಕಟ್ಟೆ, ಹಲವು ಗುಡಿಗಳು ಜಾಗ ಬಿಟ್ಟವು. ಭೈರಿದೇವರಕೊಪ್ಪದ ಹಳೆಯ ದರ್ಗಾ ಹೈಕೋರ್ಟಿನ ಆದೇಶದ ಬಳಿಕ 2022ರ ಡಿಸೆಂಬರಿನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ತೆರವಾಯಿತು. ಅಲ್ಲಿ ಹರಕೆ ಹೊತ್ತವರಲ್ಲಿ ಎಲ್ಲ ಜಾತಿಮತದವರೂ ಇದ್ದರು. ಊರವರಿಗೆ ಆದ ನೋವನ್ನು ಪರಿಹಾರದ ಮೊತ್ತದಲ್ಲಿ ಹೇಳಿ ಮುಗಿಸಲಾಗದು. ಬೇಂದ್ರೆ ಬಸ್ಸುಗಳಿಗೂ ಹೊಸ ವ್ಯವಸ್ಥೆಗೂ ಪರ್ಮಿಟ್ಟಿನ ಜಗಳ ನ್ಯಾಯಾಲಯದವರೆಗೆ ಹೋಯಿತು.

ನೀರಿನ ಮಾತು ಹೇಳುತ್ತೇನೆಂದಿದ್ದೆ. ಹಳೆಯ ಕಾಲದ ಸುಂಕದ ಕಟ್ಟೆಯ ಹೆಸರು ಉಳಿಸಿಕೊಂಡಿರುವ ಟೋಲ್‌ನಾಕಾ ಧಾರವಾಡದೊಳಗಿನ ತಗ್ಗಿನ ಜಾಗ. ಸುತ್ತಲ ಏರಿನ ಮೇಲೆ ಬಿದ್ದ ಮಳೆ ಅಲ್ಲಿಗೇ ಇಳಿದು ಬರುತ್ತದೆ. ರಸ್ತೆ ಅಗಲವಾಗಿ, ಕಾಂಕ್ರೀಟು ಹೆಚ್ಚಿ, ನೀರು ಇಂಗುವ ಮಣ್ಣು ಕಡಿಮೆಯಾದ ಮೇಲೆ ಒಂದು ದೊಡ್ಡ ಮಳೆಗೇ ಅಲ್ಲಿ ಮೊಣಕಾಲುದ್ದ ನೀರು. ಬೈಕು ತಳ್ಳಿಕೊಂಡು ಹೋಗುವವರ ಚಿತ್ರ ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಬರುತ್ತದೆ. ಜಲವಿಭಜಕದ ದಿಬ್ಬದ ಮೇಲಿರುವ ಊರಿನಲ್ಲಿ ನೀರು ಎರಡೂ ಸಮುದ್ರಕ್ಕೆ ದಾರಿ ಬಲ್ಲದು, ಟೋಲ್‌ನಾಕಾದಿಂದ ಹೊರಗೆ ಹೋಗುವ ದಾರಿ ಮಾತ್ರ ಅದಕ್ಕೆ ಸಿಕ್ಕಿಲ್ಲ. ಹಳೆಯ ಹಳ್ಳದ ಜಾಡನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿ ನಕ್ಷೆ ತಿದ್ದುವುದು ದೊಡ್ಡ ಖರ್ಚಿನ ಕೆಲಸವಲ್ಲ.

ನಡುವಿನ ಊರುಗಳಿಗೆ ಬಿಆರ್‌ಟಿಎಸ್ ಏನು ಕೊಟ್ಟಿತು? ನಿಲ್ದಾಣ ಕೊಟ್ಟಿತು, ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿತು. ಆದರೆ ತಡೆರಹಿತ ಚಿಗರಿ ಆ ನಿಲ್ದಾಣಗಳನ್ನು ನೋಡದೆ ಹೋಗುತ್ತದೆ. ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ; ಅಲ್ಲಿಗೆ ಮುಟ್ಟಲು ಓಡುವ ವಾಹನಗಳ ಪಥ ದಾಟಬೇಕು. ಮೊದಲು ರಸ್ತೆಯ ಆಚೆ ಇದ್ದ ಹೊಲಕ್ಕೆ ದನ ಹೊಡೆದುಕೊಂಡು ಹೋಗುತ್ತಿದ್ದವನಿಗೆ ಈಗ ಕಬ್ಬಿಣದ ಬೇಲಿ ಅಡ್ಡ. ತಿರುವು ದೂರ. ಲಾರಿಗಳ ಕಾಲದಲ್ಲಿ ಇದ್ದ ದಾಟುವ ಭಯ ಬೇರೆ ರೂಪದಲ್ಲಿ ಮರಳಿದೆ. ಎರಡು ತುದಿಗಳ ನಡುವಿನ ವೇಗಕ್ಕಾಗಿ ಮಾಡಿದ ರಸ್ತೆ, ತಾನು ಹಾದುಹೋಗುವ ಊರನ್ನು ಎರಡು ಹೋಳು ಮಾಡದಂತೆ ನೋಡಿಕೊಳ್ಳುವುದೂ ಎಂಜಿನಿಯರಿಂಗೇ ಎಂದು ನಾನು ಭಾವಿಸುತ್ತೇನೆ. ಸ್ಕೈವಾಕು, ದಾಟುವ ಸಿಗ್ನಲ್ಲು, ಅಗಲವಾದ ಕಾಲುದಾರಿ ಇವು ಯೋಜನೆಯ ಕೊನೆಗೆ ಉಳಿದ ದುಡ್ಡಿನಲ್ಲಿ ಮಾಡುವ ಕೆಲಸಗಳಾಗಬಾರದು.

ಈಗ ಇನ್ನೊಂದು ತಿರುವು ಬಂದಿದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. ಧಾರವಾಡದವರ ಬಹುಕಾಲದ ಹೋರಾಟಕ್ಕೆ ಸಿಕ್ಕ ಫಲ ಇದು. ಅದನ್ನು ಸಂತೋಷದಿಂದಲೇ ಬರಮಾಡಿಕೊಳ್ಳಬೇಕು. ಕಚೇರಿ ಹತ್ತಿರ ಬಂದರೆ ಜನರಿಗೆ ಒಳ್ಳೆಯದು. ಆದರೆ 1962ರಲ್ಲಿ ಎರಡು ಊರನ್ನು ಕೂಡಿಸಿದಾಗ ನಡುವಿನವರನ್ನು ಕೇಳಲಿಲ್ಲ. ಈಗ ಬೇರೆ ಮಾಡುವಾಗ ಗಡಿಗೆರೆ ಬೀಳುವುದು ಮತ್ತೆ ಅವರ ನಡುವೆಯೇ, ಇದೇ ರಸ್ತೆಗೆ ಅಡ್ಡಲಾಗಿ. ಒಂದು ಊರಿನ ಕಸ ಯಾರು ಎತ್ತಬೇಕು, ಬೀದಿದೀಪ ಯಾರದು, ಚರಂಡಿ ಒಬ್ಬರ ಗಡಿಯಲ್ಲಿ ಶುರುವಾಗಿ ಇನ್ನೊಬ್ಬರ ಗಡಿಯಲ್ಲಿ ಮುಗಿದರೆ ಯಾರು ತೆಗೆಸಬೇಕು, ಈ ಪ್ರಶ್ನೆಗಳು ಎರಡೂ ತುದಿಯವರಿಗೆ ಸಣ್ಣವು, ಅಲ್ಲಿಯವರಿಗೆ ದಿನನಿತ್ಯದವು.

ಪಾಲಿಕೆ ಎರಡಾದರೂ ರಸ್ತೆ ಒಂದೇ, ಬಸ್ಸಿನ ಪಥ ಒಂದೇ, ಕೆಎಂಸಿಗೆ ಬರುವ ಆಂಬುಲೆನ್ಸ್ ಒಂದೇ. ಆದ್ದರಿಂದ ರಸ್ತೆಗೆಂದೇ ಎರಡೂ ಪಾಲಿಕೆಗಳ, ಸಾರಿಗೆ ಸಂಸ್ಥೆಯ, ಬಿಆರ್‌ಟಿಎಸ್ ಕಂಪನಿಯ ಜಂಟಿ ಸಮಿತಿ ಒಂದು ಬೇಕು. ಅದರಲ್ಲಿ ನಡುವಿನ ಊರುಗಳ ಸದಸ್ಯರಿಗೆ ಮಾತಿನ ಹಕ್ಕು ಮಾತ್ರವಲ್ಲ, ಮತದ ಹಕ್ಕೂ ಇರಲಿ. ಉಣಕಲ್ಲಿನ ಗುಡಿಗೂ ಅಮರಗೋಳದ ಗುಡಿಗಳಿಗೂ ಮುಖ್ಯರಸ್ತೆಯಿಂದ ನಡೆದುಹೋಗಲು ನೆಟ್ಟಗಿನ ಕಾಲುದಾರಿ, ಓದಲು ಬರುವ ಫಲಕ ಆಗಲಿ. ನವಲೂರಿನ ಪೇರಲದವರಿಗೆ ನಿಲ್ದಾಣದ ಬಳಿ ನೆರಳಿನ ಕಟ್ಟೆ ಸಿಗಲಿ. ಹೋದ ಮರಗಳ ಬದಲಿಗೆ ನೆಟ್ಟವುಗಳಲ್ಲಿ ಎಷ್ಟು ಬದುಕಿವೆ ಎಂದು ವರ್ಷಕ್ಕೊಮ್ಮೆ ಎಣಿಸಿ ಸಾರ್ವಜನಿಕರಿಗೆ ತಿಳಿಸಲಿ. ಸಮಿತಿಯ ಮೊದಲ ಸಭೆ ಹುಬ್ಬಳ್ಳಿಯಲ್ಲೂ ಬೇಡ, ಧಾರವಾಡದಲ್ಲೂ ಬೇಡ. ಸತ್ತೂರಿನಲ್ಲೋ ಅಮರಗೋಳದಲ್ಲೋ ನಡೆಯಲಿ. ಕಾರ್ಯಸೂಚಿಯಲ್ಲಿ ಮೊದಲನೆಯ ವಿಷಯ ರಸ್ತೆ ದಾಟುವ ಜಾಗಗಳು, ಎರಡನೆಯದು ಟೋಲ್‌ನಾಕಾದ ನೀರು. ಉಳಿದದ್ದನ್ನು ಆಮೇಲೆ ಮಾತಾಡೋಣ.